ಬೀಜಕ್ಕೆ ಹದ ಬರುವ ಹೊತ್ತು

ಕೃಷ್ಣರಾಜಪೇಟೆ ಕಡೆಯ ಯಾವ ಊರಿನಲ್ಲಾದರೂ ಕೇಳಿಬರಬಹುದಾದ ಮಾತುಕತೆ ಇದು. ಬೆಳಗಿನ ಜಾವ ಕೊಟ್ಟಿಗೆಯ ಹಸು ಕೂಗತೊಡಗುತ್ತದೆ. ಮೇವಿಗೆ ಬಾಯಿ ಹಾಕುವುದಿಲ್ಲ. ಹಿಂದಿನಿಂದ ಗಾಜಿನಂತೆ ತಿಳಿಯಾದ ಲೋಳೆ ಇಳಿಯುತ್ತದೆ. ಅಜ್ಜಿ ಫೋನ್ ಮಾಡುತ್ತಾರೆ.

“ಡಾಕ್ಟ್ರೇ, ಹಸ ಬೆದೆಗೆ ಬಂದದೆ. ಬೇಗ ಬಂದು ಸೂಜಿ ಹಾಕಿ.”

“ಯಾವಾಗ್ನಿಂದ ಕೂಗ್ತಾದೆ ಅಜ್ಜಿ?”

“ಕೋಳಿ ಕೂಗೋ ಹೊತ್ನಿಂದ.”

“ಹಂಗಾದ್ರೆ ಸಂಜೆಗೆ ಬತ್ತೀನಿ ಬುಡಿ.”

ಅಜ್ಜಿಗೆ ಸಮಾಧಾನವಿಲ್ಲ. ಹಸು ಈಗ ಕೂಗುತ್ತಿದ್ದರೆ ಸಂಜೆಗೆ ಯಾಕೆ? ಆದರೆ ಡಾಕ್ಟರು ಸೋಮಾರಿತನದಿಂದ ಆಡಿದ ಮಾತಲ್ಲ ಅದು. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಸೂಜಿ, ಅಂದರೆ ಹೋರಿಯ ಬೀಜವನ್ನು ಕೃತಕವಾಗಿ ಹಸುವಿಗೆ ಸೇರಿಸುವುದು, ಎಂಬ ಲೆಕ್ಕ ಹೈನುಗಾರಿಕೆಯಲ್ಲಿ ಹಳೆಯದು. 1940ರ ದಶಕದಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಹಸುಗಳ ಮೇಲೆ ಪ್ರಯೋಗ ಮಾಡಿ ಇದನ್ನು ಗೊತ್ತುಮಾಡಿದರು. ಹೀಗೆ ಕಾಯುವುದು ಯಾಕೆ ಒಳ್ಳೆಯದು ಎಂಬುದರ ಒಂದು ದೊಡ್ಡ ಕಾರಣ ಮಾತ್ರ ಅವರಿಗೂ ಆಗ ತಿಳಿದಿರಲಿಲ್ಲ. ಅದು ಹೊರಬಿದ್ದದ್ದು 1951ರಲ್ಲಿ.

ಆ ಕಾರಣವನ್ನು ನಮ್ಮ ಸೀಮೆಯವರ ಒಂದೇ ಮಾತಿನಲ್ಲಿ ಹೇಳಬಹುದು: ಹದ. ನಾಗಮಂಗಲದ ಬೆದ್ದಲು ಹೊಲದವರು ಮಳೆ ಬಂದ ತಕ್ಷಣ ರಾಗಿ ಬಿತ್ತುವುದಿಲ್ಲ, ಮಣ್ಣು ಹದಕ್ಕೆ ಬರಲಿ ಎಂದು ಕಾಯುತ್ತಾರೆ. ಪಾಂಡವಪುರದ ಆಲೆಮನೆಯಲ್ಲಿ ಪಾಕ ಹದಕ್ಕೆ ಮೊದಲೇ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ಕೂರುವುದಿಲ್ಲ, ಹದ ಮೀರಿದರೆ ಸೀಯುತ್ತದೆ. ವೀರ್ಯಾಣುವಿಗೂ ಒಂದು ಹದವಿದೆ. ಅದು ಹುಟ್ಟುವಾಗಲೇ ಬರುವುದಿಲ್ಲ. ಗಂಡಿನ ಮೈಯಿಂದ ಹೊರಬೀಳುವಾಗಲೂ ಪೂರ್ತಿ ಬಂದಿರುವುದಿಲ್ಲ.

ಹಟ್ಟಿಯ ಹಿಂದಿನ ಕತೆ

ಒಳ್ಳೆಯ ಹೋರಿಯ ಬೆಲೆ ಈ ನೆಲಕ್ಕೆ ಹೊಸದಾಗಿ ತಿಳಿದದ್ದಲ್ಲ. ಶ್ರೀರಂಗಪಟ್ಟಣದಿಂದ ಆಳುತ್ತಿದ್ದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿತ್ತು. ಟಿಪ್ಪು ಸುಲ್ತಾನ್ ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟ. ಹಳ್ಳಿಕಾರ್ ಮೂಲದ ಆ ರಾಸುಗಳು ಸೈನ್ಯದ ಫಿರಂಗಿ ಎಳೆದವು. ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿ ಮತ್ತು ಪಾಂಡವಪುರದ ಬೇಬಿ ಬೆಟ್ಟದ ದನಗಳ ಜಾತ್ರೆಗಳಲ್ಲಿ ಇಂದಿಗೂ ಹಳ್ಳಿಕಾರ್ ಹೋರಿಯ ಸುಳಿ, ಕೊಂಬು, ನಡಿಗೆ ನೋಡಿಯೇ ಬೆಲೆ ಕಟ್ಟುವುದು.

ಹೋರಿಯನ್ನೇ ತರದೆ ಬೀಜವನ್ನಷ್ಟೇ ತರುವ ಪ್ರಯತ್ನವನ್ನು ಭಾರತದಲ್ಲಿ ಮೊದಲು ಮಾಡಿದ್ದು ನಮ್ಮ ನೆರೆಯ ಮೈಸೂರಿನಲ್ಲೇ. 1939ರಲ್ಲಿ ಅಲ್ಲಿನ ಪ್ಯಾಲೇಸ್ ಡೇರಿ ಫಾರಂನಲ್ಲಿ ಡಾ. ಸಂಪತ್ ಕುಮಾರನ್ ಅವರು ಹೋಲ್‌ಸ್ಟೀನ್ ಫ್ರೀಷಿಯನ್ ಹೋರಿಯ ವೀರ್ಯವನ್ನು ಹಳ್ಳಿಕಾರ್ ಹಸುಗಳಿಗೆ ಕೃತಕವಾಗಿ ಸೇರಿಸಿ ಗಬ್ಬ ಕಟ್ಟಿಸಿದರು. ಆಗ ವೀರ್ಯವನ್ನು ಹಸಿಯಾಗಿಯೇ ಬಳಸಬೇಕಿತ್ತು. ಗ್ಲಿಸರಾಲ್ ಬೆರೆಸಿದರೆ ವೀರ್ಯಾಣು ಹೆಪ್ಪುಗಟ್ಟಿದರೂ ಸಾಯುವುದಿಲ್ಲ ಎಂದು ಇಂಗ್ಲೆಂಡಿನ ಪೋಲ್ಜ್, ಸ್ಮಿತ್ ಮತ್ತು ಪಾರ್ಕ್ಸ್ ಕಂಡುಕೊಂಡದ್ದು 1949ರಲ್ಲಿ. ಇಂದು ಹೆಸರಘಟ್ಟದಂಥ ಕೇಂದ್ರಗಳಲ್ಲಿ ತುಂಬಿದ ನಳಿಕೆಗಳು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿ ಹಳ್ಳಿಗೆ ಬರುತ್ತವೆ. ಕಾಲು ಮಿಲಿಲೀಟರಿನ ಒಂದು ನಳಿಕೆಯಲ್ಲಿ ಸುಮಾರು 2 ಕೋಟಿ ವೀರ್ಯಾಣುಗಳಿರುತ್ತವೆ.

ಅಂಥ ಒಂದು ವೀರ್ಯಾಣು ಹದವಾಗಲು ಮೂರು ಮನೆ ಹಾಯಬೇಕು.

ಮೊದಲ ಮನೆ: ಆಕಾರ

ವೃಷಣದೊಳಗೆ ಸುರುಳಿ ಸುತ್ತಿದ ಸಣ್ಣ ನಾಳಗಳ ಗೋಡೆಯಲ್ಲಿ ಮೂಲಕೋಶಗಳು ಬಿಡುವಿಲ್ಲದೆ ಒಡೆದು ಇಬ್ಭಾಗವಾಗುತ್ತಿರುತ್ತವೆ. ಕೆಲವು ಸುತ್ತಿನ ವಿಭಜನೆಯಾದ ಮೇಲೆ ಕ್ರೋಮೋಸೋಮುಗಳ ಸಂಖ್ಯೆ ಅರ್ಧವಾಗಿ, ದುಂಡನೆಯ ಪುಟ್ಟ ಕೋಶಗಳು ಉಳಿಯುತ್ತವೆ. ಅವಕ್ಕೆ ಇನ್ನೂ ಬಾಲವಿಲ್ಲ. ಮುಂದಿನ ವಾರಗಳಲ್ಲಿ ನಡೆಯುವುದು ದೂರದ ಪ್ರಯಾಣಕ್ಕೆ ಗಂಟು ಕಟ್ಟುವ ಕೆಲಸ. ಡಿಎನ್‌ಎ ಎಳೆಯನ್ನು ಸುತ್ತಿಟ್ಟಿದ್ದ ಹಿಸ್ಟೋನ್ ಪ್ರೋಟೀನುಗಳು ಜಾಗ ಬಿಟ್ಟು, ಪ್ರೋಟಮೀನುಗಳು ಬಂದು ಅದನ್ನು ಇನ್ನಷ್ಟು ಬಿಗಿಯಾಗಿ ಅಡಕುತ್ತವೆ. ತಲೆಯ ಮೇಲೆ ಕಿಣ್ವಗಳನ್ನು ತುಂಬಿದ ಟೋಪಿಯೊಂದು ಕೂರುತ್ತದೆ. ಅದರ ಹೆಸರು ಆಕ್ರೋಸೋಮ್. ಕುತ್ತಿಗೆಯ ಕೆಳಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳು ಹಗ್ಗದಂತೆ ಸುತ್ತಿಕೊಳ್ಳುತ್ತವೆ. ಬಾಲ ಚಾಚುತ್ತದೆ. ಬೇಡದ ಕೋಶರಸ ಬಹುಪಾಲು ಕಳಚಿಹೋಗುತ್ತದೆ.

ಮೂಲಕೋಶದಿಂದ ಇಲ್ಲಿಯವರೆಗಿನ ಕೆಲಸ ಹೋರಿಯಲ್ಲಿ ಸುಮಾರು 61 ದಿನ ಹಿಡಿಯುತ್ತದೆ, ಟಗರಿನಲ್ಲಿ ಸುಮಾರು 7 ವಾರ, ಮನುಷ್ಯನಲ್ಲಿ ಸುಮಾರು 74 ದಿನ. ಮೈಯ ಬಿಸಿಗಿಂತ ಕೆಲವು ಡಿಗ್ರಿ ತಂಪಾದ ಜಾಗವೂ ಬೇಕು. ಬೀಜದ ಚೀಲ ಹೊರಗೆ ಜೋತಾಡುವುದು ಅದಕ್ಕೇ. ಚಳಿಯಾದರೆ ಅದು ಮೇಲಕ್ಕೆ ಸೇದುತ್ತದೆ, ಸೆಕೆಯಾದರೆ ಇಳಿಬೀಳುತ್ತದೆ. ಒಳಗೆ ಹೋಗುವ ಬಿಸಿ ರಕ್ತದ ನಾಳವನ್ನು ಹೊರಬರುವ ತಂಪು ರಕ್ತದ ನಾಳಗಳು ಬಳ್ಳಿಯಂತೆ ಸುತ್ತಿಕೊಂಡು ಬಿಸಿ ಹೀರುತ್ತವೆ. ಹಾಗೆಂದು ಎಲ್ಲ ಸಸ್ತನಿಗಳಿಗೂ ಈ ಏರ್ಪಾಡಿಲ್ಲ. ಶ್ರೀರಂಗಪಟ್ಟಣದ ದಸರೆಗೆ ಬರುವ ಗಂಡಾನೆಯ ವೃಷಣ ಹೊಟ್ಟೆಯೊಳಗೇ ಇರುತ್ತದೆ.

ಹೋರಿಗೆ ಜ್ವರ ಬಂದರೂ ಬೇಸಿಗೆಯ ಝಳ ತಾಗಿದರೂ ಪೆಟ್ಟು ಕಾಣುವುದು ಅಂದೇ ಅಲ್ಲ. ಆಗ ಅರ್ಧ ತಯಾರಾಗಿದ್ದ ವೀರ್ಯಾಣುಗಳು ಹೊರಬರುವ ವಾರಗಳಲ್ಲಿ, ಒಮ್ಮೊಮ್ಮೆ ಎರಡು ತಿಂಗಳು ಕಳೆದು ಅದು ಕಾಣುತ್ತದೆ.

ಎರಡನೆಯ ಮನೆ: ನಡಿಗೆ

ವೃಷಣದಿಂದ ಹೊರಟ ವೀರ್ಯಾಣು ನೋಡಲು ಪೂರ್ಣವಾಗಿದೆ. ಆದರೆ ಅದಕ್ಕೆ ಈಜು ಬಾರದು. ಅದನ್ನು ದ್ರವವೇ ತಳ್ಳಿಕೊಂಡು ಹೋಗಿ, ವೃಷಣಕ್ಕೆ ಅಂಟಿ ಮಲಗಿರುವ ಅಧಿವೃಷಣ ಎಂಬ ನಾಳಕ್ಕೆ ಸೇರಿಸುತ್ತದೆ. ಬೆರಳುದ್ದದ ಗಂಟಿನಂತೆ ಕಾಣುವ ಇದನ್ನು ಬಿಡಿಸಿದರೆ ಮನುಷ್ಯನಲ್ಲಿ ಸುಮಾರು 6 ಮೀಟರ್ ಉದ್ದ, ಹೋರಿಯಲ್ಲಿ 30 ಮೀಟರಿಗೂ ಹೆಚ್ಚು. ಇದನ್ನು ಹಾಯಲು ಹೋರಿಯ ವೀರ್ಯಾಣುವಿಗೆ ಸುಮಾರು 10 ದಿನ ಬೇಕು.

ವೀರ್ಯಾಣುವಿನ ಡಿಎನ್‌ಎ ಬಿಗಿಯಾಗಿ ಕಟ್ಟಿಹೋಗಿರುವುದರಿಂದ ಅದು ತನಗೆ ಬೇಕಾದ ಪ್ರೋಟೀನನ್ನು ತಾನೇ ಬರೆಸಿಕೊಳ್ಳಲಾರದು. ನಾಳದ ಗೋಡೆಯೇ ಕೊಡಬೇಕು. ಗೋಡೆಯ ಕೋಶಗಳು ಸಣ್ಣ ಗುಳ್ಳೆಗಳಲ್ಲಿ ಪ್ರೋಟೀನ್, ಕೊಬ್ಬು ತುಂಬಿ ಕಳಿಸುತ್ತವೆ, ಮೈಪೊರೆಯನ್ನು ತಿದ್ದುತ್ತವೆ. ಕುತ್ತಿಗೆಯಲ್ಲಿ ಉಳಿದಿದ್ದ ಕೋಶರಸದ ಹನಿ ಬಾಲದ ಕಡೆಗೆ ಜಾರುತ್ತದೆ, ಕೊನೆಗೆ ಉದುರುತ್ತದೆ. ವೀರ್ಯ ಕೇಂದ್ರದ ಸೂಕ್ಷ್ಮದರ್ಶಕದಲ್ಲಿ ಈ ಹನಿ ಇನ್ನೂ ಕುತ್ತಿಗೆಯಲ್ಲೇ ಇರುವ ವೀರ್ಯಾಣುಗಳು ಬಹಳ ಕಂಡರೆ, ಮಾಲು ಇನ್ನೂ ಎಳೆಯದು ಎಂದರ್ಥ.

ನಾಳದ ತುದಿಯಲ್ಲಿ ಅವು ದಾಸ್ತಾನಾಗುತ್ತವೆ. ಈಜಬಲ್ಲವು, ಆದರೆ ಶಕ್ತಿ ಉಳಿಸಿಕೊಂಡು ಸುಮ್ಮನಿರುತ್ತವೆ. ಗಂಡಸರು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೂ ಸುಮಾರು ಮೂರು ತಿಂಗಳು ಎಚ್ಚರವಾಗಿರಿ ಎನ್ನುವುದು, ಕತ್ತರಿಸಿದ ಜಾಗದಿಂದ ಮುಂದಕ್ಕೆ ಹಳೆಯ ದಾಸ್ತಾನು ಉಳಿದಿರುತ್ತದೆ ಎಂಬ ಕಾರಣಕ್ಕೆ.

ಮೂರನೆಯ ಮನೆ: ಹದ

ಈಜು ಬಂದ ಮೇಲೆ ಇನ್ನೇನು ಬೇಕು? 1951ರವರೆಗೆ ವಿಜ್ಞಾನಿಗಳೂ ಹಾಗೆಯೇ ಅಂದುಕೊಂಡಿದ್ದರು. ಆದರೂ ಗಾಜಿನ ಬಟ್ಟಲಿನಲ್ಲಿ ಅಂಡಾಣುವಿನ ಪಕ್ಕ ವೀರ್ಯಾಣು ಬಿಟ್ಟರೆ ಗರ್ಭ ನಿಲ್ಲುತ್ತಿರಲಿಲ್ಲ. ಆ ವರ್ಷ ಅಮೆರಿಕದಲ್ಲಿ ಎಂ. ಸಿ. ಚಾಂಗ್ ಮೊಲಗಳಲ್ಲಿ, ಆಸ್ಟ್ರೇಲಿಯದಲ್ಲಿ ಸಿ. ಆರ್. ಆಸ್ಟಿನ್ ಇಲಿಗಳಲ್ಲಿ, ಒಬ್ಬರಿಗೊಬ್ಬರು ತಿಳಿಯದೆ ಒಂದೇ ಸಂಗತಿ ಕಂಡರು. ವೀರ್ಯಾಣು ಹೆಣ್ಣಿನ ಮೈಯೊಳಗೆ ಕೆಲವು ಗಂಟೆ ಕಳೆದಿದ್ದರೆ ಮಾತ್ರ ಅಂಡಾಣುವನ್ನು ಹೊಗಬಲ್ಲದು. ಆಸ್ಟಿನ್ ಇದನ್ನು ಕೆಪಾಸಿಟೇಷನ್ ಎಂದು ಕರೆದರು. ನಾವು ಹದ ಎನ್ನೋಣ.

ಹೊರಬೀಳುವಾಗ ವೀರ್ಯಾಣುವಿನ ಮೈಗೆ ವೀರ್ಯದ್ರವದ ಪ್ರೋಟೀನುಗಳು ಮೆತ್ತಿಕೊಂಡಿರುತ್ತವೆ; ಹೊತ್ತಿಗೆ ಮುಂಚೆ ಕೆರಳದಂತೆ ಹಾಕಿದ ಬೀಗ ಅವು. ಹೆಣ್ಣಿನ ನಾಳದಲ್ಲಿ ಆ ಲೇಪ ಕಳಚುತ್ತದೆ. ಆಲ್ಬುಮಿನ್ ಎಂಬ ಪ್ರೋಟೀನು ಮೈಪೊರೆಯಿಂದ ಕೊಲೆಸ್ಟರಾಲನ್ನು ಸೆಳೆದುಕೊಳ್ಳುತ್ತದೆ, ಗಡುಸಾಗಿದ್ದ ಪೊರೆ ಸಡಿಲವಾಗುತ್ತದೆ. ಬೈಕಾರ್ಬೊನೇಟ್ ಒಳನುಗ್ಗಿ ಸರಣಿ ಕ್ರಿಯೆಗಳನ್ನು ಶುರುಮಾಡುತ್ತದೆ. 2001ರಲ್ಲಿ ಗುರುತಿಸಲಾದ ಕ್ಯಾಟ್ಸ್‌ಪರ್ ಎಂಬ ಬಾಗಿಲು ಬಾಲದಲ್ಲಿ ತೆರೆದು ಕ್ಯಾಲ್ಸಿಯಂ ಹರಿಯುತ್ತದೆ. ಆಗ ನೇರವಾಗಿ ಈಜುತ್ತಿದ್ದ ವೀರ್ಯಾಣು ಚಾವಟಿ ಬೀಸಿದಂತೆ ಬಾಲ ಬಡಿಯತೊಡಗುತ್ತದೆ. ಗೋಡೆಗೆ ಅಂಟಿದ್ದರೆ ಬಿಡಿಸಿಕೊಳ್ಳಲು, ಅಂಡಾಣುವಿನ ಹೊರಕವಚಕ್ಕೆ ಕೊರೆದು ನುಗ್ಗಲು ಈ ಬಡಿತವೇ ಬೇಕು.

ಹದ ಬಂದ ವೀರ್ಯಾಣು ಬಹಳ ಹೊತ್ತು ಬಾಳುವುದಿಲ್ಲ. ಅದಕ್ಕೇ ಹಸುವಿನ ಅಂಡನಾಳದ ಕಿರಿದಾದ ಭಾಗದಲ್ಲಿ ಒಂದು ತಂಗುದಾಣವಿದೆ. ವೀರ್ಯಾಣುಗಳು ಅಲ್ಲಿನ ಗೋಡೆಗೆ ತಲೆ ಅಂಟಿಸಿ ನಿಲ್ಲುತ್ತವೆ. ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ ಒಂದಿಷ್ಟು, ಮತ್ತೊಂದಿಷ್ಟು ಎಂದು ಹದಗೊಂಡು ಬಿಡಿಸಿಕೊಳ್ಳುತ್ತವೆ. ಕೆಲವು ಸಣ್ಣ ಬಾವಲಿಗಳಲ್ಲಂತೂ ಹೆಣ್ಣು ವೀರ್ಯಾಣುವನ್ನು ತಿಂಗಳುಗಟ್ಟಲೆ ಮೈಯಲ್ಲಿ ಕಾಪಿಟ್ಟು, ಕಾಲ ಕೂಡಿದಾಗ ಗರ್ಭ ಕಟ್ಟುತ್ತದೆ.

ಲಕ್ಷಾಂತರ ವೀರ್ಯಾಣುಗಳು ಓಡುತ್ತವೆ, ಮೊದಲು ಮುಟ್ಟಿದ್ದು ಗೆಲ್ಲುತ್ತದೆ ಎಂದು ಶಾಲೆಯಲ್ಲಿ ಕೇಳಿದ್ದೇವಲ್ಲ, ಆ ಓಟದ ಕತೆ ಇಲ್ಲಿ ಮುರಿದುಬೀಳುತ್ತದೆ. ಗರ್ಭಕೋಶದ ಸ್ನಾಯುಗಳು ಹಿಂಡಿ ನಿಮಿಷಗಳಲ್ಲೇ ಮೇಲಕ್ಕೆ ಎಸೆದ ವೀರ್ಯಾಣುಗಳು ಬಹುಮಟ್ಟಿಗೆ ಜಜ್ಜಿಹೋಗಿರುತ್ತವೆ, ಕೆಲಸಕ್ಕೆ ಬಾರವು. ಗೆಲ್ಲುವುದು ಮೊದಲು ಬಂದದ್ದಲ್ಲ, ಹೊತ್ತಿಗೆ ಸರಿಯಾಗಿ ಹದಗೊಂಡದ್ದು. ಆ ಹೊತ್ತನ್ನು ಗೊತ್ತುಮಾಡುವುದು ಹೆಣ್ಣಿನ ಮೈ.

ಬಾಗಿಲಲ್ಲಿ

ಅಂಡಾಣುವಿನ ಸುತ್ತ ಝೋನಾ ಎಂಬ ಗಟ್ಟಿ ಪಾರದರ್ಶಕ ಕವಚವಿದೆ. ಹದ ಬಂದ ವೀರ್ಯಾಣುವಿನ ಟೋಪಿ ಒಡೆದು ಕಿಣ್ವಗಳು ಹೊರಬರುತ್ತವೆ. ಟೋಪಿ ಒಡೆಯುವುದು ಕವಚವನ್ನು ಮುಟ್ಟಿದ ಮೇಲೆಯೇ ಎಂದು ಬಹುಕಾಲ ನಂಬಿದ್ದರು. 2011ರಲ್ಲಿ ಇಲಿಗಳ ವೀರ್ಯಾಣುಗಳನ್ನು ಚಿತ್ರೀಕರಿಸಿ ನೋಡಿದಾಗ, ಗೆದ್ದವುಗಳಲ್ಲಿ ಹೆಚ್ಚಿನವು ಕವಚ ಮುಟ್ಟುವ ಮುಂಚೆಯೇ ಟೋಪಿ ಕಳಚಲು ತೊಡಗಿದ್ದವು. ಕವಚ ದಾಟಿದ ಮೇಲೆ ವೀರ್ಯಾಣುವಿನ ಇಜುಮೊ ಎಂಬ ಪ್ರೋಟೀನು ಅಂಡಾಣುವಿನ ಜುನೊ ಎಂಬ ಪ್ರೋಟೀನಿನ ಕೈ ಹಿಡಿಯುತ್ತದೆ. ಇಜುಮೊ 2005ರಲ್ಲಿ ಜಪಾನಿನಲ್ಲಿ ಸಿಕ್ಕಿತು. ಆ ಹೆಸರು ಮದುವೆಯ ನಂಟಿಗೆ ಹೆಸರಾದ ಅಲ್ಲಿನ ದೇಗುಲದ್ದು. ಅದರ ಜೋಡಿ ಜುನೊ 2014ರಲ್ಲಿ ಸಿಕ್ಕಿತು. ಒಂದು ವೀರ್ಯಾಣು ಒಳಸೇರಿದೊಡನೆ ಅಂಡಾಣು ತನ್ನ ಕವಚವನ್ನು ಗಡುಸುಮಾಡಿ ಉಳಿದವಕ್ಕೆ ಬಾಗಿಲು ಹಾಕುತ್ತದೆ.

ಮನುಷ್ಯರಿಗೆ ಇದರಿಂದೇನು?

ಹದದ ಗುಟ್ಟು ತಿಳಿದ ಮೇಲೆ ಚಾಂಗ್ 1959ರಲ್ಲಿ ಮೊಲದ ಅಂಡಾಣುವನ್ನು ಮೈಯ ಹೊರಗೆ ಫಲಿಸಿ ಮರಿ ಪಡೆದರು. 1978ರಲ್ಲಿ ಮನುಷ್ಯರ ಮೊದಲ ಪ್ರನಾಳ ಶಿಶು ಹುಟ್ಟಿತು. ಇಂದಿನ ಐವಿಎಫ್ ಪ್ರಯೋಗಾಲಯದಲ್ಲಿ ವೀರ್ಯ ತೊಳೆದು, ಆಲ್ಬುಮಿನ್ ಮತ್ತು ಬೈಕಾರ್ಬೊನೇಟ್ ಇರುವ ದ್ರವದಲ್ಲಿ ಇಡುವುದು ಮೂರನೆಯ ಮನೆಯ ಕೆಲಸವನ್ನು ಬಟ್ಟಲಿನಲ್ಲಿ ಮಾಡಲು. ವೀರ್ಯಾಣುವನ್ನು ಸೂಜಿಯಿಂದ ನೇರವಾಗಿ ಅಂಡಾಣುವಿನೊಳಗೆ ಇಡುವ ಇಕ್ಸಿ ವಿಧಾನದಲ್ಲಿ ವೃಷಣದಿಂದಲೇ ತೆಗೆದ, ಈಜು ಬಾರದ ವೀರ್ಯಾಣುವೂ ಮಗುವಾಗಬಲ್ಲದು. ಅಂದರೆ ತಲೆಮಾರಿನ ಗಂಟು ಮೊದಲ ಮನೆಯಲ್ಲೇ ಸಿದ್ಧ. ಉಳಿದೆರಡು ಮನೆಗಳು ಕಲಿಸುವುದು ಅದನ್ನು ಹೊತ್ತು ತಲುಪಿಸುವ ಬಗೆಯನ್ನು.

ಮಕ್ಕಳಾಗಲಿಲ್ಲ ಎಂದರೆ ಸೊಸೆಯ ಕಡೆಗೇ ಬೆರಳು ತೋರಿಸುವ ಮನೆಗಳು ಇನ್ನೂ ಇವೆ. ಗಂಡಿನ ವೀರ್ಯ ಪರೀಕ್ಷೆ ಸುಲಭ, ಅದು ಮೊದಲೇ ಆಗಬೇಕಾದದ್ದು. ಒಂದು ವರದಿ ಚೆನ್ನಾಗಿಲ್ಲದಿದ್ದರೆ ಎದೆಗುಂದಬೇಕಿಲ್ಲ. ಎರಡು ತಿಂಗಳ ಹಿಂದಿನ ಜ್ವರವೂ ಅದರಲ್ಲಿ ಕಾಣುತ್ತಿರಬಹುದು. ವೀರ್ಯಾಣು ತಯಾರಾಗುವ ಒಂದು ಪೂರ್ತಿ ಸುತ್ತು ಕಳೆದು, ಅಂದರೆ ಸುಮಾರು ಮೂರು ತಿಂಗಳ ಮೇಲೆ ಮತ್ತೆ ನೋಡಿಸಬೇಕು.

ಸಂಜೆಯ ಸೂಜಿ

ಈಗ ಅಜ್ಜಿಯ ಹಸುವಿನ ಲೆಕ್ಕ ಹಾಕೋಣ. ಬೆದೆ ಶುರುವಾದದ್ದು ಬೆಳಗಿನ 5ಕ್ಕೆ. ಅಂಡಾಣು ಬಿಡುಗಡೆಯಾಗುವುದು ಅಲ್ಲಿಂದ ಸುಮಾರು 28 ಗಂಟೆಗೆ, ಮರುದಿನ ಬೆಳಿಗ್ಗೆ 9ರ ಆಸುಪಾಸು. ಬಿಡುಗಡೆಯಾದ ಅಂಡಾಣು ಚೆನ್ನಾಗಿರುವುದು ಕೆಲವೇ ಗಂಟೆ. ಹೋರಿಯ ವೀರ್ಯಾಣುವಿಗೆ ಹದ ಬರಲು 5–6 ಗಂಟೆ ಬೇಕು. ಹಸುವಿನೊಳಗೆ ಅದರ ಬಾಳು ಸುಮಾರು ಒಂದು ದಿನ. ಹೆಪ್ಪುಗಟ್ಟಿಸಿ ಕರಗಿಸಿದ್ದರೆ ಪೊರೆ ಆಗಲೇ ಅರ್ಧ ಸಡಿಲವಾಗಿರುತ್ತದೆ, ಬಾಳು ಇನ್ನೂ ಮೊಟಕು. ಬೆಳಿಗ್ಗೆಯೇ ಹಾಕಿದ್ದರೆ ಅಂಡಾಣು ಬರುವ ಹೊತ್ತಿಗೆ ವೀರ್ಯಾಣುಗಳು ಸೋತಿರುತ್ತಿದ್ದವು. ಮರುದಿನ ಮಧ್ಯಾಹ್ನ ಹಾಕಿದ್ದರೆ ಹದ ಬರುವ ಮೊದಲೇ ಅಂಡಾಣು ಹಳಸುತ್ತಿತ್ತು.

ಸಂಜೆ 6ಕ್ಕೆ ಡಾಕ್ಟರು ಬರುತ್ತಾರೆ. 37 ಡಿಗ್ರಿಯ ಬಿಸಿನೀರಿನಲ್ಲಿ ನಳಿಕೆಯನ್ನು 30 ಸೆಕೆಂಡು ಅದ್ದಿ, ಒರೆಸಿ, ಗರ್ಭಕೋಶದ ಬಾಯಿ ದಾಟಿಸಿ ಬಿಡುತ್ತಾರೆ. ಅಲ್ಲಿಂದ ಒಂದು ಮೊಳಕ್ಕೂ ಹೆಚ್ಚು ದಾರಿ. ಇಡೀ ರಾತ್ರಿ ಕತ್ತಲ ಕೊಟ್ಟಿಗೆಯಲ್ಲಿ ಯಾರಿಗೂ ಕಾಣದೆ ಮೂರನೆಯ ಮನೆಯ ಕೆಲಸ ನಡೆಯುತ್ತದೆ. ಬೆಳಿಗ್ಗೆ ಅಜ್ಜಿ ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬರುವ ಹೊತ್ತಿಗೆ ಒಂದು ವೀರ್ಯಾಣು ಹದವಾಗಿ ಕಾದಿರುತ್ತದೆ. ಫಲ ಸಿಕ್ಕಿತೋ ಇಲ್ಲವೋ ಎಂದು ಅಜ್ಜಿಗೆ ತಿಳಿಯಬೇಕಾದರೆ ಇನ್ನು 21 ದಿನ ಕಾಯಬೇಕು. ಆ ದಿನ ಕೋಳಿ ಕೂಗಿದಾಗ ಹಸು ಕೂಗದಿದ್ದರೆ ಸರಿ.

ಕೇಳಿ ನೋಡಿ

ನಿಮ್ಮೂರಿನ ಹೈನುಗಾರರನ್ನು ಕೇಳಿ: ಬೆದೆಯನ್ನು ಅವರು ಯಾವ ಯಾವ ಗುರುತಿನಿಂದ ಹಿಡಿಯುತ್ತಾರೆ? ಕೂಗದೆ ಬರುವ ‘ಮೂಕ ಬೆದೆ’ಯನ್ನು ಹೇಗೆ ಕಂಡುಕೊಳ್ಳುತ್ತಾರೆ? ಸೂಜಿ ಹಾಕಿಸಿದ ಹೊತ್ತು, ಗಬ್ಬ ನಿಂತ ದಿನ ಎರಡನ್ನೂ ಒಂದು ವರ್ಷ ಬರೆದಿಡಿ. ಹದ ಹಿಡಿದವರು ಯಾರು ಎಂದು ಆ ಪುಸ್ತಕವೇ ಹೇಳುತ್ತದೆ.