ಎಂಜಿನ್ನಿನ ಟಕ್ ಟಕ್ ತಾನಾಗಿ ನಿಂತಿತೇ? ವಾಲ್ವು ನೋಡಿ

ಪಂಪಿನ ಎಂಜಿನ್ನು ತಲೆಯ ಭಾಗದಲ್ಲಿ ಟಕ್ ಟಕ್ ಎಂದರೆ ನಾವೆಲ್ಲ ಗಾಬರಿಯಾಗುತ್ತೇವೆ. ಆ ಸದ್ದು ತಾನಾಗಿ ನಿಂತರೆ ‘ಈಗ ಹೊಂದಿಕೊಂಡಿತು’ ಎಂದು ಸಮಾಧಾನಪಡುತ್ತೇವೆ. ವಾಲ್ವುಗಳ ವಿಷಯದಲ್ಲಿ ಇದು ತಲೆಕೆಳಗಾದ ಲೆಕ್ಕ. ಈ ಲೆಕ್ಕ ತಪ್ಪಿ ಒಂದು ಬೇಸಿಗೆಯ ಟೊಮೇಟೊ ಕಳೆದುಕೊಂಡವರಲ್ಲಿ ನಾನೂ ಒಬ್ಬ.

ನಾನಿರುವುದು ಬೆಂಗಳೂರಿನ ಇಂದಿರಾನಗರದಲ್ಲಿ. ಬಿನ್ನಮಂಗಲ, ಕೋಡಿಹಳ್ಳಿ, ದೊಮ್ಮಲೂರು ಎಂಬ ಹಳ್ಳಿಗಳ ನಡುವೆ ಎದ್ದ ಬಡಾವಣೆ ಇದು. ಇಲ್ಲಿ ಈಗ ನೀರು ಹಾಯಿಸುವ ಹೊಲ ಉಳಿದಿಲ್ಲ. ನಮ್ಮ ಜಮೀನು ಹೊಸಕೋಟೆಯಾಚೆ. ಅಲ್ಲಿನ ಕೃಷಿ ಹೊಂಡಕ್ಕೆಂದು ಶಿವಾಜಿನಗರದ ಗುಜರಿಯಲ್ಲಿ ಒಂಟಿ ಸಿಲಿಂಡರಿನ ಹಳೆಯ ಡೀಸೆಲ್ ಎಂಜಿನ್ನೊಂದನ್ನು ಕೊಂಡೆ. ಅದು ಕರಾವಳಿಯ ದೋಣಿಯೊಂದರಿಂದ ಇಳಿಸಿದ್ದು. ಗೇರ್ ಪೆಟ್ಟಿಗೆ ಬಿಚ್ಚಿ, ಬೆಲ್ಟ್ ಹಾಕಿ ಪಂಪಿಗೆ ಜೋಡಿಸಿದೆವು.

ಎರಡು ವರ್ಷ ಟಕ್ ಟಕ್ ಎನ್ನುತ್ತಲೇ ನೀರೆತ್ತಿತು. ಮೂರನೆಯ ಬೇಸಿಗೆಯಲ್ಲಿ ಸದ್ದು ಮೆಲ್ಲಗೆ ಅಡಗಿತು. ನಾವು ಸಂತೋಷಪಟ್ಟೆವು. ಮೂರು ವಾರದಲ್ಲಿ ಹ್ಯಾಂಡಲ್ ಎಷ್ಟು ತಿರುಗಿಸಿದರೂ ಎಂಜಿನ್ನು ಹೊತ್ತಿಕೊಳ್ಳಲಿಲ್ಲ. ಮೆಕ್ಯಾನಿಕ್ ಹೆಡ್ ಬಿಚ್ಚಿದಾಗ ಹೊಗೆ ಬಿಡುವ ವಾಲ್ವಿನ ಅಂಚು ಇಲಿ ಕಡಿದ ರೊಟ್ಟಿಯಂತಿತ್ತು. ಸಾಮಾನು ಹುಡುಕಿ ತಂದು ಕೂರಿಸುವಷ್ಟರಲ್ಲಿ ಹನ್ನೆರಡು ದಿನ. ಕಾಯಿ ಕಚ್ಚಿದ್ದ ಗಿಡಗಳು ಅಷ್ಟರಲ್ಲಿ ಒಣಗಿದವು. ಅರ್ಧ ಗಂಟೆಯ ಕೆಲಸವನ್ನು ಸಕಾಲದಲ್ಲಿ ಮಾಡಿದ್ದರೆ ಈ ನಷ್ಟ ತಪ್ಪುತ್ತಿತ್ತು.

2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಜೊತೆಗೆ ಡೀಸೆಲ್ ಪಂಪ್‌ಸೆಟ್ಟಿಗೂ ಸಹಾಯಧನ ದೊರೆಯಿತು. ಹಾಗಾಗಿ ಎಂಜಿನ್ನು ನಿಮ್ಮೂರಿನ ಹೊಂಡದ ದಡದಲ್ಲೂ ಇರಬಹುದು. ಈ ಕೆಲಸ ನಿಮಗೆ ತಿಳಿದಿರುವುದು ಒಳ್ಳೆಯದು.

ಸಂದು ಏಕೆ ಬೇಕು?

ವಾಲ್ವನ್ನು ಒತ್ತಿ ತೆರೆಯುವ ತೋಳಿಗೆ ರಾಕರ್ ಎನ್ನುತ್ತಾರೆ. ಎಂಜಿನ್ನು ತಣ್ಣಗಿದ್ದಾಗ ರಾಕರಿಗೂ ವಾಲ್ವಿನ ಕಾಂಡದ ತುದಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಇದೇ ಟ್ಯಾಪೆಟ್ ಅಂತರ. ಕಬ್ಬಿಣ ಕಾದರೆ ಬೆಳೆಯುತ್ತದೆ. 10 ಸೆಂ.ಮೀ. ಉದ್ದದ ಉಕ್ಕಿನ ಕಡ್ಡಿ 200 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು ಕಾಲು ಮಿಲಿಮೀಟರ್ ಉದ್ದವಾಗುತ್ತದೆ. ಆ ಬೆಳವಣಿಗೆಗೆ ಜಾಗವಿಲ್ಲದಿದ್ದರೆ ವಾಲ್ವು ಪೂರ್ತಿ ಮುಚ್ಚುವುದಿಲ್ಲ.

ವಾಲ್ವು ಮುಚ್ಚಿ ತನ್ನ ಸೀಟಿನ ಮೇಲೆ ಕೂತಾಗಲೇ ಅದರ ಬಿಸಿ ಸೀಟಿನ ಮೂಲಕ ಹರಿದುಹೋಗುವುದು. ಸರಿಯಾಗಿ ಕೂರದ ವಾಲ್ವಿಗೆ ತಣಿಯಲು ದಾರಿಯಿಲ್ಲ. ಮೇಲಾಗಿ ಉರಿಯುವ ಅನಿಲ ಅದೇ ಬಿರುಕಿನಿಂದ ನುಗ್ಗಿ ಅಂಚನ್ನು ಸುಡುತ್ತದೆ.

1500 ಸುತ್ತಿನ ಎಂಜಿನ್ನಿನಲ್ಲಿ ಪ್ರತಿ ವಾಲ್ವು ನಿಮಿಷಕ್ಕೆ 750 ಬಾರಿ, ಗಂಟೆಗೆ 45,000 ಬಾರಿ ಸೀಟಿನ ಮೇಲೆ ಬಡಿಯುತ್ತದೆ. ಹೀಗೆ ಬಡಿದು ಸೀಟು ಸವೆದಂತೆ ವಾಲ್ವು ಒಳಕ್ಕೆ ಇಳಿಯುತ್ತದೆ, ಅದರ ಕಾಂಡ ರಾಕರಿನತ್ತ ಏರುತ್ತದೆ. ಸಂದು ಕಿರಿದಾಗುತ್ತದೆ, ಸದ್ದು ಅಡಗುತ್ತದೆ. ಸಂದು ಹೆಚ್ಚಿದ್ದರೆ ಟಕ್ ಟಕ್ ಸದ್ದು ಬರುತ್ತದೆ, ಶಕ್ತಿ ತುಸು ಕುಗ್ಗುತ್ತದೆ, ಅದನ್ನೂ ಸರಿಪಡಿಸಬೇಕು. ಆದರೆ ಅದು ಕೂಗಿ ಎಚ್ಚರಿಸುತ್ತದೆ. ಸಂದು ಇಲ್ಲದ ವಾಲ್ವು ಸದ್ದಿಲ್ಲದೆ ಸುಡುತ್ತದೆ.

ದೋಣಿಯ ಎಂಜಿನ್ನಿಗೂ ಪಂಪಿನ ಎಂಜಿನ್ನಿಗೂ ಈ ಕಷ್ಟ ಒಂದೇ. ಎರಡೂ ಬಿಡುವಿಲ್ಲದೆ ಗಂಟೆಗಟ್ಟಲೆ ಒಂದೇ ಸಮನೆ ಭಾರ ಎಳೆಯುತ್ತವೆ.

ಮೊದಲು ತಿಳಿದುಕೊಳ್ಳಿ

ನಿಮ್ಮದು ನಾಲ್ಕು ಸ್ಟ್ರೋಕಿನ ಎಂಜಿನ್ನೇ ಎಂದು ನೋಡಿ. ನಾಡದೋಣಿಗಳ ಹಿಂದೆ ಕಟ್ಟುತ್ತಿದ್ದ ಹಳೆಯ ಎರಡು ಸ್ಟ್ರೋಕಿನ ಮೋಟಾರುಗಳಲ್ಲಿ ಇಂಥ ವಾಲ್ವುಗಳೇ ಇಲ್ಲ. ಅಲ್ಲಿ ಈ ಕೆಲಸವೂ ಇಲ್ಲ. ಸಂದಿನ ಅಳತೆಯನ್ನು ಎಂಜಿನ್ನಿನ ಪುಸ್ತಕದಿಂದಲೇ ಪಡೆಯಿರಿ. ಪುಸ್ತಕ ಇಲ್ಲದಿದ್ದರೆ ಎಂಜಿನ್ನಿನ ಫಲಕದಲ್ಲಿರುವ ಮಾದರಿ ಸಂಖ್ಯೆ ಬರೆದುಕೊಂಡು ಆ ಕಂಪನಿಯ ಡೀಲರನ್ನು ಕೇಳಿ. ನೆರೆಯವರ ಎಂಜಿನ್ನಿನ ಅಳತೆ ನಿಮ್ಮದಕ್ಕೆ ಒಗ್ಗಬೇಕೆಂದಿಲ್ಲ. ಎರಡು ವಾಲ್ವುಗಳಿಗೆ ಬೇರೆ ಬೇರೆ ಅಳತೆ ಇರುವುದೂ ಉಂಟು.

ಬೇಕಾದ ಸಾಮಾನು ಕಡಿಮೆ: ಫೀಲರ್ ಗೇಜು, ಸರಿಯಾದ ಸ್ಪ್ಯಾನರು, ಸ್ಕ್ರೂಡ್ರೈವರು, ಬಟ್ಟೆ.

ಮಾಡುವ ಕ್ರಮ

1. ಎಂಜಿನ್ನು ಪೂರ್ತಿ ತಣ್ಣಗಿರಲಿ. ರಾತ್ರಿಯಿಡೀ ನಿಂತ ಎಂಜಿನ್ನಿಗೆ ಬೆಳಿಗ್ಗೆ ಕೈ ಹಾಕುವುದು ಉತ್ತಮ. ಬಿಸಿಯಲ್ಲೇ ಅಳೆಯಬೇಕೆಂದು ಪುಸ್ತಕ ಹೇಳಿದ್ದರೆ ಮಾತ್ರ ಹಾಗೆ ಮಾಡಿ. ಡೀಸೆಲ್ ನಿಲ್ಲಿಸುವ ಲಿವರನ್ನು ನಿಲ್ಲಿಸಿದ ಸ್ಥಿತಿಯಲ್ಲಿಡಿ. ಪೆಟ್ರೋಲ್ ಎಂಜಿನ್ನಾದರೆ ಪ್ಲಗ್ಗಿನ ತಂತಿ ಬಿಚ್ಚಿ.

2. ಹೆಡ್ಡಿನ ಮೇಲಿನ ಮುಚ್ಚಳದ ಸುತ್ತ ಧೂಳು ಒರೆಸಿ, ಮುಚ್ಚಳ ತೆಗೆಯಿರಿ. ಗ್ಯಾಸ್ಕೆಟ್ ಹರಿಯದಂತೆ ಎತ್ತಿಡಿ.

3. ಡಿಕಂಪ್ರೆಷನ್ ಲಿವರ್ ಎತ್ತಿ, ಫ್ಲೈವೀಲನ್ನು ಅದು ಓಡುವ ದಿಕ್ಕಿಗೇ ಕೈಯಿಂದ ತಿರುಗಿಸಿ. ಗಾಳಿ ಒಳಬಿಡುವ ವಾಲ್ವು ಕೆಳಗಿಳಿದು ಮತ್ತೆ ಮೇಲೆ ಬಂದು ಮುಚ್ಚಿದ ಮೇಲೆ, ಫ್ಲೈವೀಲಿನ ಮೇಲುತುದಿಯ ಗುರುತು ಎದುರಾಗುವವರೆಗೆ ಮೆಲ್ಲಗೆ ತನ್ನಿ. ಈಗ ಪಿಸ್ಟನ್ನು ಗಾಳಿಯನ್ನು ಒತ್ತಿ ಮೇಲೆ ನಿಂತಿದೆ, ಎರಡು ವಾಲ್ವುಗಳೂ ಮುಚ್ಚಿವೆ. ಗುರುತಿನ ಹತ್ತಿರ ಒಂದು ವಾಲ್ವು ಮುಚ್ಚುತ್ತ ಇನ್ನೊಂದು ತೆರೆಯುತ್ತಿದ್ದರೆ ಅದು ಬೇರೆ ಸುತ್ತು. ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ.

4. ಡಿಕಂಪ್ರೆಷನ್ ಲಿವರನ್ನು ಮರೆಯದೆ ಇಳಿಸಿ. ಎತ್ತಿದ ಲಿವರು ವಾಲ್ವನ್ನು ಒತ್ತಿ ಹಿಡಿದಿರುತ್ತದೆ. ಹಾಗೆಯೇ ಅಳೆದರೆ ಅಳತೆಯೆಲ್ಲ ಸುಳ್ಳು.

5. ಹೇಳಿದ ದಪ್ಪದ ಗೇಜಿನ ಎಲೆಯನ್ನು ರಾಕರಿಗೂ ಕಾಂಡಕ್ಕೂ ನಡುವೆ ತೂರಿಸಿ. ಪುಸ್ತಕದ ಕೆಳಗಿನಿಂದ ಹಾಳೆ ಎಳೆದಂತೆ ತುಸು ಬಿಗಿಯಾಗಿ ಜಾರಬೇಕು. ಇಲ್ಲವಾದರೆ ಲಾಕ್ ನಟ್ ಸಡಿಲಿಸಿ, ಸ್ಕ್ರೂ ತಿರುಗಿಸಿ ಹೊಂದಿಸಿ.

6. ಸ್ಕ್ರೂವನ್ನು ಅಲುಗದಂತೆ ಹಿಡಿದು ಲಾಕ್ ನಟ್ ಬಿಗಿ ಮಾಡಿ. ಬಿಗಿ ಮಾಡುವಾಗ ಸಂದು ಬದಲಾಗುವುದುಂಟು. ಆದ್ದರಿಂದ ಮತ್ತೊಮ್ಮೆ ಅಳೆಯಿರಿ.

7. ಫ್ಲೈವೀಲನ್ನು ಎರಡು ಪೂರ್ತಿ ಸುತ್ತು ತಿರುಗಿಸಿ, ಅದೇ ಗುರುತಿಗೆ ತಂದು ಇನ್ನೊಮ್ಮೆ ನೋಡಿ. ಸರಿಯಿದ್ದರೆ ಮುಚ್ಚಳ ಹಾಕಿ.

ಮೆಕ್ಯಾನಿಕ್ಕನ್ನು ಕರೆಯಬೇಕಾದದ್ದು ಯಾವಾಗ?

ಸಂದು ಸರಿಪಡಿಸಿದ ಮೇಲೂ ಲಿವರ್ ಇಳಿಸಿದ ಫ್ಲೈವೀಲು ಕೈಗೆ ಎದುರೊತ್ತದೆ ಸಲೀಸಾಗಿ ತಿರುಗಿದರೆ, ತಿರುಗಿಸುವಾಗ ಸೈಲೆನ್ಸರಿನಲ್ಲಿ ಬುಸ್ ಎಂಬ ಸದ್ದು ಬಂದರೆ, ಹೊಗೆ ಬಿಡುವ ವಾಲ್ವು ಆಗಲೇ ಸುಟ್ಟಿರಬಹುದು. ಗಾಳಿ ಎಳೆಯುವ ಕಡೆ ಬುಸ್ ಎಂದರೆ ಇನ್ನೊಂದು ವಾಲ್ವಿನ ಮೇಲೆ ಸಂಶಯ. ಆಗ ಹೆಡ್ ಬಿಚ್ಚಿ ವಾಲ್ವು ಉಜ್ಜಿ ಕೂರಿಸಬೇಕು, ಇಲ್ಲವೇ ಬದಲಿಸಬೇಕು. ಹೆಡ್ ಬಿಚ್ಚಿ ಹಾಕಿದ ಎಂಜಿನ್ನಿನ ಸಂದನ್ನು ಕೆಲವು ಗಂಟೆ ಓಡಿಸಿದ ಬಳಿಕ ತಣಿಸಿ ಮತ್ತೆ ನೋಡಿಸಿ.

ಕೊನೆಯದಾಗಿ, ಪಂಪುಮನೆಯ ಗೋಡೆಗೆ ಒಂದು ನೋಟುಪುಸ್ತಕ ತೂಗುಹಾಕಿ. ಎಂಜಿನ್ನು ಓಡಿದ ಗಂಟೆಗಳನ್ನೂ, ಪ್ರತಿ ಸಲ ಸರಿಪಡಿಸುವ ಮುನ್ನ ಕಂಡ ಸಂದನ್ನೂ ಅದರಲ್ಲಿ ಬರೆಯಿರಿ. ಸಲದಿಂದ ಸಲಕ್ಕೆ ಸಂದು ಬೇಗ ಬೇಗ ಕಿರಿದಾಗುತ್ತಿದ್ದರೆ ಸೀಟು ಸವೆಯುತ್ತಿದೆ ಎಂದು ತಿಳಿದು, ಬೇಸಿಗೆ ಬರುವ ಮೊದಲೇ ರಿಪೇರಿ ಮಾಡಿಸಿ. ಬೆಳೆ ಹೊಲದಲ್ಲಿದ್ದಾಗ ಹೆಡ್ ಬಿಚ್ಚುವಂತಾಗಬಾರದು. ನನ್ನ ಪಂಪುಮನೆಯಲ್ಲಿ ಈಗ ಅಂಥ ಪುಸ್ತಕ ತೂಗುತ್ತಿದೆ. ಎಂಜಿನ್ನು ಸುಮ್ಮನಾದ ದಿನ ನಾನು ಸುಮ್ಮನಿರುವುದಿಲ್ಲ. ನೀವೂ ಇರಬೇಡಿ.