ನಿಮಗಿದು ಗೊತ್ತೇ? ಹಿಡಿಯೊಳಗಿದೆ ಕತ್ತಿಯ ಜಾತಕ

ಎರಡನೇ ಮಹಾಯುದ್ಧದಲ್ಲಿ ಜಪಾನಿ ಸೇನಾಧಿಕಾರಿಗಳು ಸೊಂಟಕ್ಕೆ ತೂಗುಹಾಕಿಕೊಳ್ಳುತ್ತಿದ್ದ ಕತ್ತಿಯ ಹೆಸರು ‘ಗುಂಟೊ’. ಹೊರನೋಟಕ್ಕೆ ಎಲ್ಲವೂ ಒಂದೇ ಥರ. ಒಳಗಿರುವುದು ಕಾರ್ಖಾನೆಯ ಅಲಗೂ ಆಗಿರಬಹುದು, ಮುನ್ನೂರು ವರ್ಷ ಹಳೆಯ ಮನೆತನದ ಅಲಗೂ ಆಗಿರಬಹುದು! ಅಜ್ಜ ಮುತ್ತಜ್ಜಂದಿರ ಅಲಗಿಗೆ ಸೇನೆಯ ಹಿಡಿ, ಒರೆ ಹಾಕಿಸಿಕೊಂಡು ಯುದ್ಧಕ್ಕೆ ಹೋದ ಅಧಿಕಾರಿಗಳಿದ್ದರು.

ಸಮುರಾಯ್‌ಗಳು ಕತ್ತಿ ಕಟ್ಟಿಕೊಂಡು ಓಡಾಡುವುದಕ್ಕೆ ನಿಷೇಧ ಬಿದ್ದದ್ದು 1876ರಲ್ಲಿ. ಆ ಸುಮಾರಿಗೆ ಸೇನೆ ಯುರೋಪಿನ ಮಾದರಿಯ ಹಿಡಿಗಳನ್ನು ಒಪ್ಪಿಕೊಂಡಿತು. ದಾರ ಸುತ್ತಿದ ಹಳೆಯ ಶೈಲಿಯ ಹಿಡಿ ಮರಳಿ ಬಂದದ್ದು 1934ರಲ್ಲಿ.

ಅಲಗಿನ ಬಾಗು ಹುಟ್ಟುವುದು ನೀರಿನಲ್ಲಿ! ಕಮ್ಮಾರ ಬೆನ್ನಿಗೆ ದಪ್ಪವಾಗಿ, ಬಾಯಿಗೆ ತೆಳುವಾಗಿ ಜೇಡಿಮಣ್ಣು ಮೆತ್ತಿ, ಕಾಯಿಸಿ, ನೀರಿಗೆ ಅದ್ದುತ್ತಾನೆ. ಬಾಯಿ ತಟ್ಟನೆ ತಣಿದು, ಗಡುಸಾಗಿ ಹಿಗ್ಗುತ್ತದೆ. ಬೆನ್ನು ನಿಧಾನವಾಗಿ ತಣಿಯುತ್ತದೆ. ಹೆಚ್ಚುಕಡಿಮೆ ನೇರವಾಗಿ ಒಳಹೋದ ಅಲಗು ಬಾಗಿ ಹೊರಬರುತ್ತದೆ. ಬಾಯಿಯುದ್ದಕ್ಕೂ ಮೂಡುವ ಮಂಜಿನಂಥ ರೇಖೆಯೇ ‘ಹಮೊನ್’. ಅದಕ್ಕೂ ಮೊದಲು ಉಕ್ಕನ್ನು ಮಡಚಿ ಮಡಚಿ ಬಡಿಯಬೇಕು. ಹದಿನೈದು ಸಲ ಮಡಚಿದರೆ 32,000ಕ್ಕೂ ಹೆಚ್ಚು ಪದರ! ಕಿಟ್ಟ ಹೊರಹೋಗಿ, ಇಂಗಾಲ ಎಲ್ಲೆಡೆ ಸಮನಾಗಿ ಹರಡಲಿ ಎಂಬುದಕ್ಕೆ ಇಷ್ಟೆಲ್ಲ ದುಡಿಮೆ.

1935ರ ಮಾದರಿಯ, ಕೆಳದರ್ಜೆಯ ಅಧಿಕಾರಿಗಳ ಕತ್ತಿಯದ್ದು ಬೇರೆಯೇ ಕಥೆ. ಯಂತ್ರದಲ್ಲಿ ತಯಾರಾದ ಅಲಗು, ಅದರ ಮೇಲೆ ಕ್ರಮಸಂಖ್ಯೆ. ಹಿಡಿ ಅಲ್ಯುಮಿನಿಯಂ ಎರಕ; ದಾರ ಸುತ್ತಿದಂತೆ ಕಾಣಲೆಂದು ಬಣ್ಣ ಬಳಿಯುತ್ತಿದ್ದರು. ಅಲಗಿನ ಸಂಖ್ಯೆಯೂ ಒರೆಯ ಸಂಖ್ಯೆಯೂ ಒಂದೇ ಆಗಿದ್ದರೆ ಸಂಗ್ರಾಹಕರಿಗೆ ಹಬ್ಬ.

ರೈಲ್ವೆ ಕಂಪನಿಯೂ ಕತ್ತಿ ಮಾಡಿದೆ! ದಕ್ಷಿಣ ಮಂಚೂರಿಯಾ ರೈಲ್ವೆಯ ‘ಮಾಂತೆತ್ಸು’ ಕತ್ತಿಗಳಿಗೆ ಇಂದಿಗೂ ಬೇಡಿಕೆಯಿದೆ. ಟೋಕಿಯೊದ ಯಾಸುಕುನಿ ದೇಗುಲದ ಆವರಣದಲ್ಲಿ 1933ರಿಂದ 1945ರವರೆಗೆ ಕುಲುಮೆ ಉರಿದು, ಸಾಂಪ್ರದಾಯಿಕ ವಿಧಾನದಲ್ಲೇ ಸುಮಾರು 8,100 ಕತ್ತಿಗಳು ತಯಾರಾದವು. ಯುದ್ಧಕಾಲದ್ದೆಂದರೆ ಕಳಪೆಯೇ ಎಂದು ಮೂಗು ಮುರಿಯುವವರು ಇವುಗಳ ಹಮೊನ್ ಅನ್ನು ಒಮ್ಮೆ ನೋಡಬೇಕು.

ಹಳೆಯದೋ ಹೊಸದೋ, ತಿಳಿಯುವುದು ಹೇಗೆ? ಹಿಡಿಯೊಳಗೆ ಹೋಗುವ ಅಲಗಿನ ಬಾಲ ‘ನಕಾಗೊ’. ಹಿಡಿಗೂ ಅದಕ್ಕೂ ಇರುವ ಮುಖ್ಯ ಬಂಧ ಒಂದು ಪುಟ್ಟ ಬಿದಿರ ಬೆಣೆ. ಅದನ್ನು ತೆಗೆದರೆ ಹಲವು ಕತ್ತಿಗಳಲ್ಲಿ ಕಮ್ಮಾರನ ಹೆಸರು, ತಯಾರಾದ ವರ್ಷ ಕಾಣುತ್ತದೆ. ‘ಶೋವಾ 17’ ಎಂದಿದ್ದರೆ 1925 ಕೂಡಿಸಿ, 1942 ಸಿಕ್ಕಿತು. ಅಲ್ಲಿನ ತುಕ್ಕನ್ನು ಮಾತ್ರ ಯಾವ ಕಾರಣಕ್ಕೂ ಉಜ್ಜಬೇಡಿ! ಅಲಗಿನ ವಯಸ್ಸನ್ನು ತಜ್ಞರು ಓದುವುದೇ ಆ ತುಕ್ಕಿನ ಬಣ್ಣದಲ್ಲಿ. ಮರಳುಕಾಗದ ಹಿಡಿದು ಅರ್ಧ ಗಂಟೆ ಕೂತರೆ ಶತಮಾನಗಳ ಸಾಕ್ಷ್ಯ ಅಳಿಸಿಹೋಗುತ್ತದೆ. ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ.

ಯುದ್ಧ ಮುಗಿದಾಗ ಕತ್ತಿಗಳೂ ಶರಣಾದವು. 1945ರ ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ಜಪಾನ್ ಶರಣಾದಾಗ ಭಾರತೀಯ ಸೇನೆಯನ್ನು ಪ್ರತಿನಿಧಿಸಿದವರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಅಂದು ಅನಾರೋಗ್ಯದಿಂದ ಬಾರದಿದ್ದ ಜಪಾನಿನ ಫೀಲ್ಡ್ ಮಾರ್ಷಲ್ ತೆರೌಚಿ, ನವೆಂಬರ್ 30ರಂದು ಸೈಗಾನ್‌ನಲ್ಲಿ ತಮ್ಮ ಎರಡು ಕತ್ತಿಗಳನ್ನು ಮೌಂಟ್‌ಬ್ಯಾಟನ್‌ಗೆ ಒಪ್ಪಿಸಿದರು. ಆದರೆ ಆ ವರ್ಷದ ಡಿಸೆಂಬರಿನಲ್ಲಿ ಟೋಕಿಯೊದ ಮೆಜಿರೊ ಪೊಲೀಸ್ ಠಾಣೆಗೆ ಒಪ್ಪಿಸಿದ, ಟೊಕುಗಾವ ಮನೆತನದ ಅನರ್ಘ್ಯ ಕತ್ತಿ ‘ಹೊಂಜೊ ಮಾಸಮುನೆ’ ಮತ್ತೆ ಪತ್ತೆಯಾಗಲೇ ಇಲ್ಲ.

ಜಪಾನಿನಲ್ಲಿ ಇಂದು ನೋಂದಣಿ ಸಿಗುವುದು ಸಾಂಪ್ರದಾಯಿಕವಾಗಿ ಕಮ್ಮಾರ ಬಡಿದ ಅಲಗಿಗೆ ಮಾತ್ರ. ಹಾಗಾಗಿ ಯಂತ್ರದಲ್ಲಿ ತಯಾರಾದ ಗುಂಟೊಗಳನ್ನು ಅವು ಹುಟ್ಟಿದ ನಾಡಿನಲ್ಲೇ ಇಟ್ಟುಕೊಳ್ಳುವಂತಿಲ್ಲ!