ಬೇಗ ಬಂದರೆ ಸೋಲು!

ಕಾರುಗಳ ಓಟದಲ್ಲಿ ಎಲ್ಲರಿಗಿಂತ ಮೊದಲು ಬಂದವರೇ ಗೆಲ್ಲುತ್ತಾರೆ, ಅಲ್ಲವೇ ಮಕ್ಕಳೇ? ಇಟಲಿಯ ಬ್ರೆಷಾ ನಗರದಿಂದ ಹೊರಡುವ 'ಮಿಲ್ಲೆ ಮಿಲ್ಯಾ' ರ್‍ಯಾಲಿಯಲ್ಲಿ ಹಾಗಲ್ಲ. ಅಲ್ಲಿ ತಡವಾದರೂ ಅಂಕ ಹೋಗುತ್ತದೆ, ಬೇಗ ಬಂದರೂ ಹೋಗುತ್ತದೆ!

'ಮಿಲ್ಲೆ ಮಿಲ್ಯಾ' ಎಂದರೆ ಸಾವಿರ ಮೈಲಿ. 1927ರಲ್ಲಿ ಶುರುವಾದಾಗ ಇದು ವೇಗದ ಓಟವೇ. ರೋಮ್ ಮುಟ್ಟಿ ಮರಳುವ ಸುಮಾರು 1,600 ಕಿ.ಮೀ. ದಾರಿಯನ್ನು 1955ರಲ್ಲಿ ಸ್ಟರ್ಲಿಂಗ್ ಮಾಸ್ 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಮುಗಿಸಿದರು. ಎಂಜಿನ್ನಿನ ಅಬ್ಬರದಲ್ಲಿ ಮಾತು ಕೇಳುವುದುಂಟೇ? ಪಕ್ಕದಲ್ಲಿದ್ದ ಡೆನಿಸ್ ಜೆಂಕಿನ್ಸನ್ ತಿರುವುಗಳನ್ನು ಉದ್ದನೆಯ ಕಾಗದದ ಸುರುಳಿಯಲ್ಲಿ ಬರೆದುಕೊಂಡು, ಕೈಸನ್ನೆಯಲ್ಲೇ ತಿಳಿಸಿದರಂತೆ.

1957ರಲ್ಲಿ ಕಾರೊಂದರ ಟೈರ್ ಸಿಡಿದು, ಅದು ಜನರ ಮೇಲೆ ನುಗ್ಗಿತು. ನೋಡಲು ನಿಂತಿದ್ದ 9 ಮಂದಿ ಸತ್ತರು. ಅವರಲ್ಲಿ 5 ಮಕ್ಕಳು. ವೇಗದ ಓಟ ಅಲ್ಲಿಗೆ ನಿಂತಿತು.

1977ರಿಂದ ನಡೆಯುತ್ತಿರುವುದು ನಿಖರತೆಯ ರ್‍ಯಾಲಿ. ಹಿಂದಿನ ಓಟದಲ್ಲಿದ್ದ ಮಾದರಿಯ ಹಳೆಯ ಕಾರುಗಳಿಗಷ್ಟೇ ಸ್ಪರ್ಧೆಗೆ ಪ್ರವೇಶ. ಗೆಳೆಯರ ತೆರೆದ ಕಾರಿನಲ್ಲಿ ನಾನು ದಾರಿ ಹೇಳಲು ಕುಳಿತೆ. ತೊಡೆಯ ಮೇಲೆ ದಾರಿಯ ಪುಸ್ತಕ, ಕೈಯಲ್ಲಿ ಗಡಿಯಾರ. ರಸ್ತೆಗೆ ಅಡ್ಡವಾಗಿ ಹಾಸಿದ ರಬ್ಬರ್ ಕೊಳವೆಯನ್ನು ನಮ್ಮ ಚಕ್ರ ಹೇಳಿದ ಸೆಕೆಂಡಿಗೇ ತುಳಿಯಬೇಕು. ಯಂತ್ರ ಅದನ್ನು ಸೆಕೆಂಡಿನ ನೂರನೇ ಒಂದು ಪಾಲಿನವರೆಗೆ ಅಳೆಯುತ್ತದೆ. "ಐದು, ನಾಲ್ಕು, ಮೂರು..." ಎಂದು ನಾನು ಎಣಿಸಿದಂತೆ ಗೆಳೆಯರು ಕಾರನ್ನು ಮೆಲ್ಲಗೆ ಮುಂದೆ ಬಿಡುತ್ತಿದ್ದರು.

ಬ್ರೆಷಾದ ಬೀದಿಗಳಲ್ಲಿ ಅಜ್ಜಂದಿರು ಮೊಮ್ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು. ಪುಟ್ಟ ಹುಡುಗನೊಬ್ಬ ಕೈ ಚಾಚಿದ. ಓಡುವ ಕಾರಿನಿಂದಲೇ ನಾನು ಅವನ ಕೈ ಕುಲುಕಿದೆ. ನಾವು ಅಷ್ಟು ನಿಧಾನವಾಗಿ ಹೋಗುತ್ತಿದ್ದೆವು!